ಕಡಲು ಯಾರಿಗೂ ಏನನ್ನೂ ಕಲಿಸಲಿಲ್ಲ

ಈಚೆಗೆ ಕನ್ನಡದಲ್ಲಿ ಒಂದು ಜಾತಿಯ ಪ್ರವಾಸ ಬರಹ ಹುಲುಸಾಗಿ ಬೆಳೆಯುತ್ತಿದೆ. ಬರೆಯುವವರು ಹೆಚ್ಚಾಗಿ ಬೆಂಗಳೂರಿನವರು, ವಯಸ್ಸು ಮೂವತ್ತರ ಆಚೀಚೆ. ನಾಲ್ಕೈದು ಗೆಳೆಯರು ಹೇಗೋ ರಜೆ ಹೊಂದಿಸಿಕೊಂಡು ಶ್ರೀಲಂಕಾಕ್ಕೋ ಬಾಲಿಗೋ ಹೋಗುತ್ತಾರೆ. ಸರ್ಫಿಂಗ್ ಕಲಿಯಲು ಇಳಿಯುತ್ತಾರೆ, ಬೀಳುತ್ತಾರೆ, ಮೂಗಿಗೆ ಬಾಯಿಗೆ ಉಪ್ಪುನೀರು ತುಂಬಿಕೊಳ್ಳುತ್ತಾರೆ, ಮೂರನೆಯ ದಿನ ಹಲಗೆಯ ಮೇಲೆ ಎದ್ದು ನಿಲ್ಲುತ್ತಾರೆ. ನಡುವೆ ಒಂದು ಕಾಡು, ಆ ಕಾಡಿನಲ್ಲಿ ಒಂದು ಚಿರತೆ ಅಥವಾ ಚಿರತೆ ಕಾಣದ ಬೇಸರ, ಒಂದು ಸೂರ್ಯಾಸ್ತ, ಒಂದು ಎಳನೀರು. ಕೊನೆಗೆ ಆ ವಾಕ್ಯ ಬಂದೇ ಬರುತ್ತದೆ: ಸಮುದ್ರ ನನಗೆ ಕಲಿಸಿತು. ಏನು ಕಲಿಸಿತು ಎಂಬುದು ಬರಹದಿಂದ ಬರಹಕ್ಕೆ ಬದಲಾಗುತ್ತದೆ. ಒಬ್ಬರಿಗೆ ತಾಳ್ಮೆ, ಇನ್ನೊಬ್ಬರಿಗೆ ಶರಣಾಗತಿ, ಮತ್ತೊಬ್ಬರಿಗೆ ಈ ಕ್ಷಣದಲ್ಲಿ ಬದುಕುವ ಕಲೆ. ಮೇಷ್ಟರು ಮಾತ್ರ ಬದಲಾಗುವುದಿಲ್ಲ. ಯಾವಾಗಲೂ ಸಮುದ್ರವೇ.

ಇದು ಸುಳ್ಳು. ಕಾವ್ಯದ ಸುಳ್ಳೂ ಅಲ್ಲ, ಸಂಬಳ ತಪ್ಪಿಸುವ ಜಾತಿಯ ಸುಳ್ಳು. ವೆಲಿಗಮದ ಕೊಲ್ಲಿಯಲ್ಲಿ ಸರ್ಫಿಂಗ್ ಕಲಿಸುವವನು ಎದೆಮಟ್ಟದ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಒಬ್ಬ ಹುಡುಗ. ಊಟ ಮುಗಿಸಿ ಎದ್ದವನು ಬಡಿಸಿದವರನ್ನು ಬಿಟ್ಟು ಬಾಳೆಲೆಗೆ ಕೈಮುಗಿದ ಹಾಗೆ, ನಮ್ಮ ಬರಹಗಳು ಅವನನ್ನು ದಾಟಿ ದಿಗಂತಕ್ಕೆ ನಮಸ್ಕಾರ ಮಾಡುತ್ತಿವೆ.

ಸರ್ಫಿಂಗ್ ಕಲಿಕೆ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಬರಹಗಳಲ್ಲಿ ಮಾಯವಾಗಿರುವುದು ಆ ವಿವರವೇ. ಅಲೆ ಹಲಗೆಯನ್ನು ಹೊತ್ತುಕೊಂಡು ಹೋಗಬೇಕಾದರೆ ಹಲಗೆ ಆಗಲೇ ಹೆಚ್ಚುಕಡಿಮೆ ಅಲೆಯ ವೇಗದಲ್ಲಿ ಚಲಿಸುತ್ತಿರಬೇಕು. ಇಲ್ಲದಿದ್ದರೆ ಅಲೆ ಅದರಡಿಯಲ್ಲಿ ನುಸುಳಿ ಮುಂದೆ ಹೋಗಿಬಿಡುತ್ತದೆ, ನೀವು ಅಲ್ಲೇ ತೇಲುತ್ತಾ ಉಳಿಯುತ್ತೀರಿ. ಪಳಗಿದವರು ಈ ವೇಗವನ್ನು ಕೈಗಳಿಂದ ನೀರು ಬಗೆದು ಗಳಿಸುತ್ತಾರೆ. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪಿನ ಮುಂದೆ ಕೂರುವವನ ತೋಳಿಗೆ ಆ ಶಕ್ತಿ ಮೂರು ದಿನದಲ್ಲಿ ಬರುವುದಿಲ್ಲ. ಹಾಗಾಗಿ ಕಲಿಸುವವನು ನಿಮ್ಮನ್ನು ಅಗಲವಾದ ಮೆತ್ತನೆಯ ಫೋಮ್ ಹಲಗೆಯ ಮೇಲೆ ಬೋರಲು ಮಲಗಿಸಿ, ಹಲಗೆಯ ಬಾಲ ಹಿಡಿದುಕೊಂಡು ಕಡಲ ಕಡೆ ತಿರುಗಿ ನೋಡುತ್ತಾ ನಿಲ್ಲುತ್ತಾನೆ. ಸಾಲಾಗಿ ಬರುವ ಅಲೆಗಳಲ್ಲಿ ಯಾವುದು ಬೇಗ ಕುಸಿಯುತ್ತದೆ, ಯಾವುದು ನಿಮ್ಮ ತೂಕಕ್ಕೆ ತಕ್ಕದ್ದು, ಯಾವುದು ಬಿಡಬೇಕಾದದ್ದು, ಇಷ್ಟನ್ನೂ ಅವನು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸುತ್ತಾನೆ. ಆಮೇಲೆ ತಳ್ಳುತ್ತಾನೆ. ನಿಮ್ಮಲ್ಲಿಲ್ಲದ ವೇಗವನ್ನು ತನ್ನ ಭುಜದಿಂದ ಹಲಗೆಗೆ ಕೊಡುತ್ತಾನೆ. ಹಲಗೆಯ ಮೂತಿ ನೀರಿಗೆ ಚುಚ್ಚದ ಹಾಗೆ ಬಾಲವನ್ನು ಕೊಂಚ ಕೆಳಗೊತ್ತುತ್ತಾನೆ. ಏಳು ಎಂದು ಕೂಗುತ್ತಾನೆ. ನೀವು ಎದ್ದರೆ ಚಪ್ಪಾಳೆ ತಟ್ಟುತ್ತಾನೆ, ಬಿದ್ದರೆ ಈಜಿ ಬಂದು ಹಲಗೆ ಹಿಡಿಯುತ್ತಾನೆ. ಒಂದು ಗಂಟೆಯಲ್ಲಿ ಹೀಗೆ ಎಷ್ಟೋ ಸಲ. ನಿಮ್ಮ ಗಂಟೆ ಮುಗಿದ ಮೇಲೆ ಮುಂದಿನವರ ಗಂಟೆ.

ಇದರ ಜೊತೆಗೆ ಅವನಿಗೆ ಇನ್ನೊಂದು ಕೆಲಸವಿದೆ. ದಡದಿಂದ ಒಳಗೆ ಸೆಳೆಯುವ ನೀರಿನ ದಾರಿ ಇವತ್ತು ಎಲ್ಲಿದೆ, ಪಕ್ಕದ ಗುಂಪಿನ ಹಲಗೆ ಯಾರ ತಲೆಗೆ ಬಡಿಯಲಿದೆ, ಈಜು ಬರುತ್ತದೆ ಎಂದು ಹೇಳಿಕೊಂಡವರಲ್ಲಿ ಯಾರಿಗೆ ನಿಜಕ್ಕೂ ಬರುವುದಿಲ್ಲ ಎಂಬುದರ ಮೇಲೂ ಅವನ ಕಣ್ಣಿರಬೇಕು. ಬಿಸಿಲು, ಗಾಳಿ, ಉಪ್ಪಿನಲ್ಲಿ ವರ್ಷಗಟ್ಟಲೆ ದುಡಿದವರ ಕಣ್ಣಿನ ಬಿಳಿಗುಡ್ಡೆಯಿಂದ ಕಪ್ಪಿನ ಕಡೆಗೆ ಒಂದು ಪೊರೆ ಬೆಳೆಯುತ್ತದೆ. ಮೀನುಗಾರರಲ್ಲಿ, ಸರ್ಫ್ ಮಾಡುವವರಲ್ಲಿ ಸಾಮಾನ್ಯ. ಕಡಲು ಯಾರಿಗಾದರೂ ಏನಾದರೂ ಕೊಟ್ಟಿದ್ದರೆ ಇವರಿಗೆ ಅದನ್ನು ಕೊಟ್ಟಿದೆ.

ನಾನೂ ನಾಲ್ವರು ಗೆಳೆಯರ ಜೊತೆ ವೆಲಿಗಮಕ್ಕೆ ಹೋದವನೇ. ನಮಗೆ ಕಲಿಸಿದವನ ಅಪ್ಪ ಮೀನುಗಾರ, ಅಣ್ಣ ಕೊಲ್ಲಿ ದೇಶದಲ್ಲಿ ಚಾಲಕ. ಮೇ ತಿಂಗಳಲ್ಲಿ ಏನು ಮಾಡುತ್ತೀಯ ಎಂದು ಕೇಳುತ್ತಿದ್ದಾಗ ನಮ್ಮಲ್ಲೊಬ್ಬ ತಡೆದ: “ಮಗಾ, ರಜೆಗೆ ಬಂದು ಇದನ್ನೆಲ್ಲ ಯಾಕೋ ಕೇಳ್ತೀಯ? ಅವನನ್ನೂ ಬಿಡು, ನಮ್ಮನ್ನೂ ಬಿಡು.” ಗೆಳೆಯ ಒಳ್ಳೆಯವನು, ಟಿಪ್ಸನ್ನೂ ಧಾರಾಳವಾಗಿಯೇ ಕೊಟ್ಟ. ಆದರೆ ಆ ಮಾತಿನಲ್ಲಿ ಈ ಇಡೀ ಸಾಹಿತ್ಯ ಪ್ರಕಾರದ ಸಿದ್ಧಾಂತ ಅಡಗಿದೆ. ರಜೆ ಎಂದರೆ ಕೇಳದಿರುವ ಹಕ್ಕು. ಇರಲಿ, ಕೇಳಬೇಡಿ. ಆದರೆ ಕೇಳದೆ ಬಂದವರು ಊರಿಗೆ ಮರಳಿ ಎರಡು ಸಾವಿರ ಪದ ಬರೆಯುವುದೇಕೆ?

ಸಿಂಹಳದಲ್ಲಿ ‘ವೆಲಿ’ ಎಂದರೆ ಮರಳು, ‘ಗಮ’ ಎಂದರೆ ಊರು. ಮರಳೂರು. ಕೊಲ್ಲಿಯ ತಳ ಮರಳಾದ್ದರಿಂದಲೇ, ಬಂಡೆಯೋ ಹವಳವೋ ಅಲ್ಲದ್ದರಿಂದಲೇ, ಹೊಸಬರು ಬಿದ್ದರೂ ಮೈ ಕೊಯ್ಯುವುದಿಲ್ಲ. ಅಲ್ಲಿನ ಭಾಷೆಯಲ್ಲಿ ಅಣ್ಣನಿಗೆ ‘ಅಯ್ಯ’, ಅಕ್ಕನಿಗೆ ‘ಅಕ್ಕ’. ತಮ್ಮನಿಗೆ ‘ಮಲ್ಲಿ’. ಕನ್ನಡಿಗನೊಬ್ಬ ಬಾಯಿ ತೆರೆದರೆ ಅರ್ಧ ನೆಂಟಸ್ತನ ಸಿದ್ಧವಾಗಿದೆ. ನಾವೋ ಬೀಚಿನುದ್ದಕ್ಕೂ ‘ಬ್ರೋ’ ಎನ್ನುತ್ತಾ ಅಡ್ಡಾಡುತ್ತೇವೆ.

ಈ ಕೊಲ್ಲಿಯಲ್ಲಿ, ನೀರು ಇಳಿದಾಗ ನಡೆದೇ ಹೋಗಬಹುದಾದಷ್ಟು ಹತ್ತಿರ, ಟ್ಯಾಪ್ರೊಬೇನ್ ಎಂಬ ಪುಟ್ಟ ನಡುಗಡ್ಡೆ ಇದೆ. 1920ರ ದಶಕದಲ್ಲಿ ಕೌಂಟ್ ಡಿ ಮೌನಿ ಎಂದು ತನ್ನನ್ನು ಕರೆದುಕೊಂಡ ಫ್ರೆಂಚನೊಬ್ಬ ಅದರ ಮೇಲೆ ಬಂಗಲೆ ಕಟ್ಟಿದ. 1950ರ ದಶಕದಲ್ಲಿ ಅಮೆರಿಕದ ಲೇಖಕ ಪಾಲ್ ಬೋಲ್ಸ್ ಅದನ್ನು ಕೊಂಡ. ಅಲ್ಲಿ ಕೂತು ಅವನು ಬರೆದದ್ದು ‘ದಿ ಸ್ಪೈಡರ್ಸ್ ಹೌಸ್’, ಅಂದರೆ ಮೊರಾಕ್ಕೊದ ಫೆಜ್ ನಗರದ ಕಾದಂಬರಿ. ಸುತ್ತ ವೆಲಿಗಮ, ಕಾಗದದ ಮೇಲೆ ಫೆಜ್. ನನಗೆ ಇದರಲ್ಲಿ ಒಂದು ಪ್ರಾಮಾಣಿಕತೆಯೇ ಕಾಣುತ್ತದೆ. ಆ ಊರು ತನಗೆ ಬರೆಯುವ ಮೇಜು ಮಾತ್ರ ಎಂದು ಅವನಿಗೆ ಗೊತ್ತಿತ್ತು. ನಾವು ವೆಲಿಗಮದ ಬಗ್ಗೆ ಬರೆಯುತ್ತಿದ್ದೇವೆ ಎಂದುಕೊಂಡು ಕೋರಮಂಗಲದ ನಮ್ಮ ಆಯಾಸದ ಬಗ್ಗೆ ಬರೆಯುತ್ತೇವೆ.

ಈ ರೋಗ ನಮ್ಮಲ್ಲಿ ಹುಟ್ಟಿದ್ದಲ್ಲ. ಅಲೆ ಸವಾರಿಯ ಸಾಹಿತ್ಯಕ್ಕೇ ಅಂಟಿಕೊಂಡು ಬಂದದ್ದು. ಸರ್ಫಿಂಗಿನ ತವರು ಪಾಲಿನೇಶಿಯಾ. ಅದು ಪೂರ್ತಿ ಅರಳಿದ್ದು ಹವಾಯಿಯಲ್ಲಿ, ‘ಹೆಎ ನಲು’ ಎಂಬ ಹೆಸರಿನಲ್ಲಿ. ದೊರೆ, ಸಾಮಾನ್ಯ, ಗಂಡು, ಹೆಣ್ಣು ಎಲ್ಲರೂ ಆಡುತ್ತಿದ್ದುದನ್ನು ಕ್ಯಾಪ್ಟನ್ ಕುಕ್‌ನ ಜೊತೆ ಹೋದವರು 1770ರ ದಶಕದ ಕೊನೆಯಲ್ಲಿ ಬೆರಗಾಗಿ ಬರೆದಿಟ್ಟರು. 1820ರಿಂದಾಚೆ ಬಂದ ಮಿಷನರಿಗಳಿಗೆ ಬೆತ್ತಲೆ ಮೈಯೂ ಸೋಮಾರಿತನವೂ ಕಂಡವು. ಹೊರಗಿನಿಂದ ಬಂದ ರೋಗಗಳು ಜನರನ್ನೇ ಕೊಂದವು, ಕಬ್ಬಿನ ತೋಟಗಳು ಉಳಿದವರ ಹಗಲುಗಳನ್ನು ತಿಂದವು. 1893ರಲ್ಲಿ ಹವಾಯಿಯ ರಾಣಿಯನ್ನು ಇಳಿಸಿದರು, 1898ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಅದಾಗಿ ಒಂಬತ್ತು ವರ್ಷಕ್ಕೆ ಜಾಕ್ ಲಂಡನ್ ವೈಕಿಕಿಗೆ ಬಂದು ಸರ್ಫಿಂಗ್ ಮಾಡಿ, ಬಿಸಿಲಿಗೆ ಮೈ ಸುಟ್ಟುಕೊಂಡು, ಅದರ ಬಗ್ಗೆ ಬರೆದು ಜಗತ್ತಿಗೆಲ್ಲ ಪರಿಚಯಿಸಿದ. ಕಲಿಸಿದವರ ನೆಲ ಹೋಯಿತು, ಕಲಿತವನ ಲೇಖನ ಉಳಿಯಿತು.

1966ರಲ್ಲಿ ‘ದಿ ಎಂಡ್‌ಲೆಸ್ ಸಮ್ಮರ್’ ಎಂಬ ಸಾಕ್ಷ್ಯಚಿತ್ರ ಬಂತು. ಇಬ್ಬರು ಕ್ಯಾಲಿಫೋರ್ನಿಯಾದ ಹುಡುಗರು ಬೇಸಿಗೆಯನ್ನು ಬೆನ್ನಟ್ಟಿಕೊಂಡು ಆಫ್ರಿಕಾ, ಆಸ್ಟ್ರೇಲಿಯಾ, ತಾಹಿತಿ ಸುತ್ತುತ್ತಾರೆ, ಯಾರೂ ಏರದ ಅಲೆಗಾಗಿ. ಗೆಳೆಯರ ಜೊತೆ ಸರ್ಫ್ ಪ್ರವಾಸ ಎಂಬ ಕಲ್ಪನೆಗೆ ಇವತ್ತಿಗೂ ಅದೇ ಮೂಲಮಾತೃಕೆ. ಘಾನಾದಲ್ಲಿ ಅವರು ಸ್ಥಳೀಯರಿಗೆ ಸರ್ಫಿಂಗ್ ಎಂದರೆ ಏನೆಂದು ತಾವೇ ತೋರಿಸುತ್ತಿರುವಂತೆ ನಿರೂಪಣೆ ಸಾಗುತ್ತದೆ. ಆದರೆ ಆ ಕರಾವಳಿಯಲ್ಲಿ ಮಕ್ಕಳು ಹಲಗೆ ಕಟ್ಟಿಕೊಂಡು ಅಲೆಗಿಳಿಯುತ್ತಿದ್ದುದನ್ನು 17ನೇ ಶತಮಾನದ ಯುರೋಪಿನ ಪ್ರವಾಸಿಗರೇ ದಾಖಲಿಸಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಪರಿಪೂರ್ಣ ಅಲೆ ಸಿಗುತ್ತದೆ. ಅಲ್ಲಿನ ವರ್ಣಭೇದಕ್ಕೆ ಶಾರ್ಕು ಡಾಲ್ಫಿನ್ನುಗಳ ಮೇಲೊಂದು ತಮಾಷೆ ಸಲ್ಲುತ್ತದೆ, ಅಷ್ಟೇ.

ಕಂಡುಹಿಡಿದ ಅಲೆಯ ಮುಂದಿನ ಗತಿ ಏನು ಎಂಬುದಕ್ಕೆ ಫಿಜಿಯ ತವರುವಾ ದ್ವೀಪವಿದೆ. 1978ರಲ್ಲಿ ವಿಲಿಯಂ ಫಿನ್ನೆಗನ್ ಮತ್ತವನ ಗೆಳೆಯ ಅಲ್ಲಿ ಬೀಡುಬಿಟ್ಟು, ಸಿಕ್ಕ ಅಪೂರ್ವ ಅಲೆಯನ್ನು ಗುಟ್ಟಾಗಿಟ್ಟರು. ಗುಟ್ಟು ಬಹುಕಾಲ ನಿಲ್ಲಲಿಲ್ಲ. ಅಲ್ಲೊಂದು ರೆಸಾರ್ಟ್ ಬಂತು, ಆ ಅಲೆಯನ್ನು ಏರುವ ಹಕ್ಕು ರೆಸಾರ್ಟಿನ ಅತಿಥಿಗಳಿಗೆ ಮಾತ್ರ ಎಂದಾಯಿತು. 2010ರಲ್ಲಿ ಫಿಜಿ ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನು ರದ್ದು ಮಾಡಬೇಕಾಯಿತು. ಅಲೆಗೂ ಬೇಲಿ ಹಾಕಬಹುದು ಎಂಬುದು ಪ್ರಕೃತಿಯ ಮಡಿಲಿನಲ್ಲಿ ಮಲಗಿದವರಿಗೆ ಹೊಳೆಯುವುದಿಲ್ಲ. ಫಿನ್ನೆಗನ್‌ನ ‘ಬಾರ್ಬೇರಿಯನ್ ಡೇಸ್’ 2016ರಲ್ಲಿ ಪುಲಿಟ್ಜರ್ ಪಡೆಯಿತು. ಸರ್ಫಿಂಗ್ ಬಗ್ಗೆ ಬರೆಯುತ್ತಲೇ ಅವನು ವರ್ಣಭೇದದ ಕೇಪ್‌ಟೌನಿನ ಶಾಲೆಯಲ್ಲಿ ತಾನು ಪಾಠ ಮಾಡಿದ ಮಕ್ಕಳ ಬಗ್ಗೆಯೂ ಬರೆಯುತ್ತಾನೆ. ಅಲೆಯನ್ನೂ ಮನುಷ್ಯರನ್ನೂ ಒಂದೇ ಪುಸ್ತಕದಲ್ಲಿ ಇಡಬಹುದು, ಅಲೆಗೇನೂ ಕೊರತೆಯಾಗುವುದಿಲ್ಲ.

ಇನ್ನು ಕಾಡು. ಸರ್ಫಿಂಗ್ ಮುಗಿಸಿದವರು ಯಾಲಕ್ಕೆ ಹೋಗುತ್ತಾರೆ. ಬೆಳಗಿನ ಜಾವ ಜೀಪು, ಚಿರತೆ ಕಂಡ ಸುದ್ದಿ ಬಂದ ಕೂಡಲೇ ಹತ್ತಾರು ಜೀಪುಗಳ ಜಾತ್ರೆ. ಆಮೇಲೆ ಬರಹದಲ್ಲಿ ‘ಮನುಷ್ಯ ಸ್ಪರ್ಶವಿಲ್ಲದ ಕಾನನ’. ಯಾಲ 1900ರಲ್ಲಿ ಮೀಸಲು ಅರಣ್ಯವಾಯಿತು, 1938ರಲ್ಲಿ ರಾಷ್ಟ್ರೀಯ ಉದ್ಯಾನ. ಇದೇ ಹಂಬನತೋಟ ಜಿಲ್ಲೆಯಲ್ಲಿ 1908ರಿಂದ 1911ರವರೆಗೆ ಬ್ರಿಟಿಷ್ ಅಧಿಕಾರಿಯಾಗಿದ್ದವನು ಲಿಯೊನಾರ್ಡ್ ವೂಲ್ಫ್. ವರ್ಜೀನಿಯಾ ವೂಲ್ಫಳ ಗಂಡ ಎಂದರೆ ನಮ್ಮ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೆ ಬೇಗ ಗೊತ್ತಾಗುತ್ತದೆ. ಅವನು 1913ರಲ್ಲಿ ಪ್ರಕಟಿಸಿದ ‘ದಿ ವಿಲೇಜ್ ಇನ್ ದಿ ಜಂಗಲ್’ ಆ ಕಾಡಂಚಿನ ಹಳ್ಳಿಯೊಂದರ ಕತೆ. ಬೇಟೆಗಾರ ಸಿಲಿಂದು, ಅವನ ಹೆಣ್ಣುಮಕ್ಕಳು, ಊರ ಮುಖ್ಯಸ್ಥನ ಹಗೆ, ಸಾಲ, ಕಾಡು ಕಡಿದು ಬಿತ್ತಲು ಬೇಕಾದ ಪರವಾನಗಿ, ಯಾರಿಗೂ ಅರ್ಥವಾಗದ ಭಾಷೆಯ ಕೋರ್ಟು. ಕೊನೆಗೆ ಕಾಡು ಊರನ್ನು ನುಂಗುತ್ತದೆ. 1980ರಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ಇದನ್ನು ಸಿನಿಮಾ ಮಾಡಿದರು. ತೆರಿಗೆ ವಸೂಲಿಗೆ, ತೀರ್ಪು ಕೊಡಲಿಕ್ಕೆ ಬಂದ ಸಾಮ್ರಾಜ್ಯದ ಅಧಿಕಾರಿಯ ಕಣ್ಣಿಗೆ ಆ ಕಾಡಿನಲ್ಲಿ ಮನುಷ್ಯರು ಕಂಡರು. ನೂರು ವರ್ಷದ ಮೇಲೆ, ವಸಾಹತುಶಾಹಿಯ ಮೇಲೆ ಸೆಮಿನಾರ್ ಪೇಪರ್ ಬರೆದ ನಮಗೆ ಬರೀ ಚಿರತೆ ಕಾಣುತ್ತದೆ.

ಪೂರ್ವದ ಅರುಗಮ್ ಬೇಯಿಂದ ಕೆಳಗೆ ಒಕಂಡ ಎಂಬಲ್ಲಿಗೂ ಸರ್ಫ್ ಮಾಡುವವರು ಹೋಗುತ್ತಾರೆ. ಅಲ್ಲಿ ಕಡಲ ಪಕ್ಕದಲ್ಲಿ ಮುರುಗನ ಗುಡಿ ಇದೆ. ಕತರಗಾಮದ ಉತ್ಸವದ ಹೊತ್ತಿಗೆ, ಉತ್ತರದ ಯಾಳ್ಪಾಣದ ಕಡೆಯಿಂದಲೂ ಹೊರಟ ಪಾದಯಾತ್ರಿಗಳು ಇಲ್ಲಿ ತಂಗಿ, ಕುಮನ ಮತ್ತು ಯಾಲದ ಕಾಡುಗಳನ್ನು ಕಾಲ್ನಡಿಗೆಯಲ್ಲೇ ದಾಟುತ್ತಾರೆ. ಕತರಗಾಮಕ್ಕೆ ಹಿಂದೂಗಳೂ ಬೌದ್ಧರೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕುಮನ ಉದ್ಯಾನ ಯುದ್ಧದಿಂದಾಗಿ 1985ರಿಂದ 2003ರವರೆಗೆ ಮುಚ್ಚಿತ್ತು. ‘ಪ್ರವಾಸಿಗರು ಇನ್ನೂ ಹಾಳುಮಾಡದ ಜಾಗ’ ಎಂದು ಮೆಚ್ಚಿ ಬರೆಯುವ ಮೊದಲು, ಅಷ್ಟು ವರ್ಷ ಅಲ್ಲಿಗೆ ಯಾರೂ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಒಂದು ಉದ್ಯಾನದ ಬದಲು ಒಂದು ದೇಶ ಕಾಣುತ್ತಿತ್ತು.

ಎಲ್ಲಕ್ಕಿಂತ ನನಗೆ ಸಹಿಸಲಾಗದ ಪದ ‘ಖಾಲಿ ಕಡಲತೀರ’. 2004ರ ಡಿಸೆಂಬರ್ 26ರಂದು ಸುನಾಮಿಯಲ್ಲಿ ಶ್ರೀಲಂಕಾದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಿಕ್ಕಡುವದ ಹತ್ತಿರ ಪೆರಲಿಯದಲ್ಲಿ ಒಂದು ರೈಲೇ ಕೊಚ್ಚಿಹೋಯಿತು. ಅದೊಂದರಲ್ಲೇ ಸಾವಿರಕ್ಕೂ ಹೆಚ್ಚು ಸಾವು. ಕೊಲಂಬೊದಿಂದ ವೆಲಿಗಮಕ್ಕೆ ಹೋಗುವ, ಬಾಗಿಲಲ್ಲಿ ಜೋತುಬಿದ್ದು ನಾವೆಲ್ಲ ಫೋಟೊ ತೆಗೆಸಿಕೊಳ್ಳುವ ಹಳಿ ಅದೇ. ಆಮೇಲೆ ಸರ್ಕಾರ ದಕ್ಷಿಣದಲ್ಲಿ ದಡದಿಂದ 100 ಮೀಟರ್, ಪೂರ್ವ ಮತ್ತು ಉತ್ತರದಲ್ಲಿ 200 ಮೀಟರ್ ಒಳಗೆ ಯಾರೂ ಮನೆ ಕಟ್ಟಬಾರದು ಎಂದಿತು. ಸುರಕ್ಷತೆಯ ಕಾರಣ. ಆದರೆ ಮೀನುಗಾರನಿಗೆ ಗುಡಿಸಲು ಕಟ್ಟಲು ಬಿಡದ ಅದೇ ದಡದಲ್ಲಿ ಹೋಟೆಲುಗಳು ಉಳಿದ ಬಗೆಯನ್ನು ನವೋಮಿ ಕ್ಲೈನ್ 2007ರ ‘ದಿ ಶಾಕ್ ಡಾಕ್ಟ್ರಿನ್’ನಲ್ಲಿ ಅರುಗಮ್ ಬೇಯನ್ನೇ ಮುಂದಿಟ್ಟುಕೊಂಡು ಬರೆದಿದ್ದಾಳೆ. ವಿರೋಧ ಜೋರಾದ ಮೇಲೆ ನಿಯಮ ಸಡಿಲವಾಯಿತು, ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಒಳನಾಡಿಗೆ ಸರಿದಿದ್ದವು. ದೋಣಿ ದಡದಲ್ಲಿ, ಮನೆ ಎಲ್ಲೋ ಒಳಗೆ. ಕಡಲತೀರ ತಾನಾಗಿ ಖಾಲಿಯಾಗುವುದಿಲ್ಲ.

ಸುನಾಮಿಯ ದಿನ ಯಾಲದ ಹತ್ತಿರದ ಹೋಟೆಲಿನಲ್ಲಿದ್ದ ಸೋನಾಲಿ ದೆರಣಿಯಗಲ ಅಪ್ಪ, ಅಮ್ಮ, ಗಂಡ, ಇಬ್ಬರು ಗಂಡುಮಕ್ಕಳು ಎಲ್ಲರನ್ನೂ ಕಳೆದುಕೊಂಡು ತಾನೊಬ್ಬಳೇ ಉಳಿದಳು. 2013ರಲ್ಲಿ ಬಂದ ಅವಳ ಪುಸ್ತಕದ ಹೆಸರು ಒಂದೇ ಪದ: ‘ವೇವ್’. ಅವಳೂ ರಜೆಗೆ ಬಂದವಳೇ. ಆ ಪುಸ್ತಕದಲ್ಲಿ ಸಮುದ್ರ ಯಾವ ಪಾಠವನ್ನೂ ಹೇಳುವುದಿಲ್ಲ. ಅದನ್ನು ಓದಿದ ಮೇಲೂ ಅದೇ ಕರಾವಳಿಯಲ್ಲಿ ನಿಂತು ‘ಅಲೆ ನನಗೆ ಶರಣಾಗುವುದನ್ನು ಕಲಿಸಿತು’ ಎಂದು ಬರೆಯಲು ಒಂದು ಬಗೆಯ ಧೈರ್ಯ ಬೇಕು.

ನಮ್ಮ ಪ್ರವಾಸಿಗರು ಜೋರಾಗಿ ಬೇಸರಪಟ್ಟುಕೊಳ್ಳುವ ಜಾಗ ಒಂದಿದೆ. ವೆಲಿಗಮದಿಂದ ಗಾಲೆಯ ಕಡೆ ಹೋದರೆ ಅಹಂಗಮ, ಕೊಗ್ಗಲದ ಆಸುಪಾಸಿನಲ್ಲಿ ನೀರೊಳಗೆ ನೆಟ್ಟ ಕಂಬಗಳ ಅಡ್ಡಪಟ್ಟಿಯ ಮೇಲೆ ಕೂತು ಗಾಳ ಹಾಕುವವರು ಕಾಣುತ್ತಾರೆ. ಬಹಳ ಪುರಾತನ ಪದ್ಧತಿ ಎಂದು ಹೇಳುತ್ತಾರಾದರೂ ಎರಡನೇ ಮಹಾಯುದ್ಧದ ಕಾಲಕ್ಕೆ ಬೇರೂರಿದ್ದು. ಸ್ಟೀವ್ ಮೆಕರಿಯ 1995ರ ಫೋಟೊ ಅದನ್ನು ಜಗತ್ಪ್ರಸಿದ್ಧ ಮಾಡಿತು. ಈಗ ಕಂಬದ ಮೇಲೆ ಕೂರುವವರಲ್ಲಿ ಬಹಳ ಮಂದಿ ಕೂರುವುದು ಫೋಟೊಗಾಗಿ. ಕೆಳಗೊಬ್ಬ ಬಂದು ಹಣ ಕೇಳುತ್ತಾನೆ. ನಮ್ಮವರಿಗೆ ಕೋಪ: ಇದು ನಿಜವಾದ ಮೀನುಗಾರಿಕೆಯಲ್ಲ, ನಾಟಕ, ಮೋಸ! ಯಕ್ಷಗಾನದಲ್ಲಿ ರಾವಣ ನಿಜವಾದ ರಾವಣನಲ್ಲ ಎಂದು ಟಿಕೆಟಿನ ಹಣ ವಾಪಸು ಕೇಳಿದವರನ್ನು ನಾನು ನೋಡಿಲ್ಲ. ಮೀನಿಗಿಂತ ಚಿತ್ರಕ್ಕೆ ಬೆಲೆ ಹೆಚ್ಚು ಮಾಡಿದವರು ನಾವು. ಅವನು ಮಾರುಕಟ್ಟೆಯನ್ನು ಸರಿಯಾಗಿ ಓದಿ, ಬಿಸಿಲಲ್ಲಿ ಕಂಬದ ಮೇಲೆ ಕೂತು ದುಡಿಯುತ್ತಿದ್ದಾನೆ. ಇನ್ನು ನಾಟಕದ ಮಾತಿಗೆ ಬಂದರೆ, ಯಾರೋ ತಳ್ಳಿದ ಹಲಗೆಯ ಮೇಲೆ ನಾಲ್ಕು ಸೆಕೆಂಡು ನಿಂತು, ಆ ತಳ್ಳಿದ ಕೈಯನ್ನು ಕತ್ತರಿಸಿ ಹಾಕಿದ ಫೋಟೊ ಯಾವ ಪ್ರಕಾರಕ್ಕೆ ಸೇರುತ್ತದೆ?

ಇಷ್ಟು ಹೇಳಿದ ಕೂಡಲೇ ಬರುವ ಆಕ್ಷೇಪ ನನಗೆ ಗೊತ್ತಿದೆ. ಪ್ರವಾಸಿಗರು ಹೋಗದಿದ್ದರೆ ಅವರ ಗತಿಯೇನು? ಖಂಡಿತ. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಅದರ ಬೆನ್ನಿಗೇ ಕೋವಿಡ್, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾರೆ ಎಂದು ದೇಶವೇ ಕೈಚೆಲ್ಲಿದ್ದು, ಸೀಮೆಎಣ್ಣೆ ಸಿಗದೆ ದೋಣಿಗಳು ದಡದಲ್ಲೇ ನಿಂತದ್ದು, ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದ್ದು, ಎಲ್ಲ ಕಂಡ ಮೇಲೆ ಪ್ರವಾಸಿಗರು ಬರಬಾರದು ಎನ್ನುವ ಲಂಕನ್ನನೊಬ್ಬ ನನಗೆ ಸಿಕ್ಕಿಲ್ಲ. 2024ರಲ್ಲಿ ಅಲ್ಲಿಗೆ ಹೋದ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಪ್ರವಾಸಿಗರಲ್ಲಿ ಭಾರತೀಯರದ್ದೇ ದೊಡ್ಡ ಪಾಲು. ಹೋಗಿ, ಖರ್ಚು ಮಾಡಿ, ಚೌಕಾಸಿ ಕಡಿಮೆ ಮಾಡಿ. ನನ್ನ ತಕರಾರು ಪ್ರಯಾಣದ ಬಗ್ಗೆ ಅಲ್ಲ, ಗದ್ಯದ ಬಗ್ಗೆ. ಒಂದು ಊರಿಗೆ ನಮ್ಮ ಹಣ ಬೇಕು ಎಂಬುದರಿಂದ ಆ ಊರನ್ನು ನಮ್ಮ ಮನಶ್ಶಾಂತಿಯ ಹಿನ್ನೆಲೆ ಪರದೆಯಾಗಿ ಬಳಸುವ ಪರವಾನಗಿ ಸಿಗುವುದಿಲ್ಲ. ಅದೇ ಪರವಾನಗಿ ತಮಗಿದೆ ಎಂದುಕೊಂಡವರೇ 2024ರ ಫೆಬ್ರವರಿಯಲ್ಲಿ ಉನವಟುನದಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವೆಂಬ ಪಾರ್ಟಿಯನ್ನು ಪ್ರಕಟಿಸಿದರು. ಜನ ಸಿಡಿದೆದ್ದ ಮೇಲೆ ಅದು ರದ್ದಾಯಿತು. ಆ ಸುದ್ದಿಗೆ ನಮ್ಮವರು ಸರಿಯಾಗಿಯೇ ಸಿಟ್ಟಾದರು. ಆ ಪಾರ್ಟಿಯಲ್ಲಿ ಸ್ಥಳೀಯರು ಪಾನೀಯ ತಂದುಕೊಡುವವರಾಗಿ ಮಾತ್ರ ಇರುತ್ತಿದ್ದರು. ನಮ್ಮ ಲೇಖನಗಳಲ್ಲಿ ಅಷ್ಟೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು. ಹಾಗಾದರೆ ಪ್ರತಿ ಅಲೆಗೂ ಒಂದು ಸುನಾಮಿ, ಪ್ರತಿ ಚಿರತೆಗೂ ಒಂದು ಸಾಮ್ರಾಜ್ಯ ಜೋಡಿಸಿ ತಲೆತಗ್ಗಿಸಿ ಬರೆಯಬೇಕೆ? ಬೇಡ. ಪಾಪಪ್ರಜ್ಞೆಯ ಪ್ರವಾಸ ಬರಹ ಇನ್ನೂ ಕೆಟ್ಟದ್ದು. ಅಲ್ಲಿಯೂ ಕೇಂದ್ರದಲ್ಲಿ ಕೂತಿರುವುದು ‘ನಾನು’ವೇ, ಈ ಸಲ ಮುಖ ಸಣ್ಣಗೆ ಮಾಡಿಕೊಂಡು. ಕೇಳುತ್ತಿರುವುದು ಕುತೂಹಲವನ್ನು. ಹಲಗೆ ತಳ್ಳುವವನು ಆ ಅಲೆಯನ್ನೇ ಯಾಕೆ ಆರಿಸಿದ, ಹಿಂದಿನ ಎರಡನ್ನು ಯಾಕೆ ಬಿಟ್ಟ ಎಂದು ಕೇಳಿ ಬರೆದರೆ ಅದು ನಿಮ್ಮ ಶರಣಾಗತಿಗಿಂತ ಹೆಚ್ಚು ಸ್ವಾರಸ್ಯಕರ. ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ಬಂದ ಉಬ್ಬರವನ್ನು ಅವನು ಕತ್ತು ತಿರುಗಿಸಿ ಓದುತ್ತಾನಲ್ಲ, ಆ ಓದಿನ ಬಗ್ಗೆ ಸಾಹಿತ್ಯದ ವಿದ್ಯಾರ್ಥಿಗಳಿಗಾದರೂ ಆಸಕ್ತಿ ಇರಬೇಡವೆ? ಅರುಗಮ್ ಬೇಯಲ್ಲಿ 2018ರಲ್ಲಿ ಹುಡುಗಿಯರೇ ಸೇರಿ ಒಂದು ಸರ್ಫ್ ಕ್ಲಬ್ ಕಟ್ಟಿದರು, ದೇಶದಲ್ಲೇ ಮೊದಲನೆಯದು. ಹೆಣ್ಣುಮಕ್ಕಳು ಅಲೆಗಿಳಿಯುವುದೆಂದರೆ ಮನೆಯವರ, ಊರಿನವರ ಮಾತು ಕೇಳಬೇಕಾದ ಜಾಗದಲ್ಲಿ. ಅವರಿಗೆ ಹಲಗೆಯ ಮೇಲೆ ಎದ್ದು ನಿಲ್ಲುವುದು ಎಂದರೆ ಏನು ಎಂಬ ಒಂದು ಪುಟ, ನಮ್ಮ ಬರ್ನ್‌ಔಟಿನ ಹತ್ತು ಪುಟಕ್ಕೆ ಸಮ.

ಕನ್ನಡಕ್ಕೆ ಈ ಕಣ್ಣು ಹೊಸದಲ್ಲ. ತೇಜಸ್ವಿ ಗೆಳೆಯರ ಜೊತೆ ಹೋಗಿ ಬಂದು ‘ಅಲೆಮಾರಿಯ ಅಂಡಮಾನ್’ ಬರೆದರು. ಅದರಲ್ಲಿ ಗೆಳೆಯರ ಗುಂಪಿನ ಫಜೀತಿ, ನಗೆ ಎಲ್ಲ ಇದೆ, ಆದರೆ ಗುಂಪು ದ್ವೀಪವನ್ನು ಮುಚ್ಚಿಹಾಕುವುದಿಲ್ಲ. ರಹಮತ್ ತರೀಕೆರೆ ಅದೇ ದ್ವೀಪಗಳ ಬಗ್ಗೆ ‘ಅಂಡಮಾನ್ ಕನಸು’ ಬರೆದರು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಮನೆಯ ಮಗ್ಗುಲಲ್ಲೇ ಇದೆ. ಮಳೆ, ಗದ್ದೆ, ಬಡತನದ ಜೊತೆಗಿರುವ ನೆರೆಯವನಂತೆ. ಅದಕ್ಕೆ ಯಾರೂ ಉಪದೇಶದ ಕೆಲಸ ಕೊಟ್ಟಿಲ್ಲ. ಅಷ್ಟು ಆಸ್ತಿ ಇಟ್ಟುಕೊಂಡು ನಾವು ಇನ್‌ಸ್ಟಾಗ್ರಾಮಿನ ಅಡಿಬರಹವನ್ನು ಉದ್ದ ಮಾಡಿ ಪ್ರಬಂಧ ಎನ್ನುತ್ತಿದ್ದೇವೆ. ಸಂಪಾದಕರೂ ಪ್ರಕಟಿಸುತ್ತಾರೆ, ನಾವೂ ಹೃದಯದ ಚಿಹ್ನೆ ಒತ್ತುತ್ತೇವೆ.

ಇದನ್ನು ಬರೀ ಶೈಲಿಯ ಜಗಳ ಎಂದು ತಳ್ಳಿಹಾಕುವವರು ನಮ್ಮದೇ ಕರಾವಳಿಯ ಕಡೆ ನೋಡಬಹುದು. ಮೂಲ್ಕಿಯಲ್ಲಿ ಸರ್ಫಿಂಗ್ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಸಸಿಹಿತ್ಲು, ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ, ಮೀನುಗಾರರ ಮನೆಯ ಹುಡುಗರು ಅಲ್ಲಿ ಹಲಗೆ ಹತ್ತಿ ಗೆದ್ದಿದ್ದಾರೆ. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲಾಗ್ ಬಂತು. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು, ಅದರಲ್ಲೂ ಹೆಂಗಸರು, ವರ್ಷಗಳಿಂದ ಹೋರಾಡುತ್ತಿದ್ದಾರೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಜನ ದಟ್ಟವಾಗಿರುವ ಹಳ್ಳಿಗಳ ಕಡೆ, ಕಟ್ಟಡ ನಿಷೇಧದ ಪಟ್ಟಿಯನ್ನು ಉಬ್ಬರದ ಗೆರೆಯಿಂದ 200 ಮೀಟರಿನ ಬದಲು 50 ಮೀಟರಿಗೆ ಇಳಿಸಿತು. ದಡ ಯಾರದ್ದು ಎಂಬ ಪ್ರಶ್ನೆ ಇಲ್ಲಿಯೂ ಮೀಟರಿನ ಲೆಕ್ಕಕ್ಕೆ ಬಂದು ನಿಂತಿದೆ. ಯಾವುದಾದರೂ ಒಂದು ದಡವನ್ನು ಖಾಲಿ ಮಾಡಿಸಬೇಕಾದವರಿಗೆ, ಅದು ಮೊದಲೇ ಖಾಲಿ ಇತ್ತು ಎಂದು ಚೆಂದವಾಗಿ ಬರೆದುಕೊಟ್ಟವರಿಗಿಂತ ದೊಡ್ಡ ಉಪಕಾರಿಗಳಿಲ್ಲ. ಯಾರೋ ಪೋಲಂಡಿನವನು, ಯಾರೋ ದೆಹಲಿಯವಳು ಬಂದು ಸಸಿಹಿತ್ಲಿನ ನದಿಬಾಯಿಯಲ್ಲಿ ನಿಂತು, ಇದು ಯಾರೂ ಮುಟ್ಟದ ತೀರ, ಸಮುದ್ರ ನನಗೆ ಕಲಿಸಿತು ಎಂದು ಬರೆದರೆ ಅಲ್ಲಿನ ಮೊಗವೀರರ ಮನೆಯ ಹುಡುಗಿಯೊಬ್ಬಳು ಓದಿ ಏನೆಂದುಕೊಳ್ಳುತ್ತಾಳೆ?

ಅಂದಹಾಗೆ, ಮೇ ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ನೈಋತ್ಯ ಮಾರುತ ಕಾಲಿಡುತ್ತಿದ್ದಂತೆ ದಕ್ಷಿಣ ತೀರದ ಕಡಲು ಕೆಡುತ್ತದೆ, ಪೂರ್ವದಲ್ಲಿ ಆಗ ಅಲೆಗಳು ನೇರವಾಗುತ್ತವೆ. ಹಲಗೆಗಳನ್ನು ವ್ಯಾನಿನ ಮೇಲೆ ಬಿಗಿದುಕೊಂಡು ಹುಡುಗರು ಅರುಗಮ್ ಬೇಗೆ ಹೊರಡುತ್ತಾರೆ, ಅಕ್ಟೋಬರಿನ ಹೊತ್ತಿಗೆ ಮರಳುತ್ತಾರೆ. ಮೀನು ಹಿಡಿಯುವವರೂ ಹಿಂದಿನಿಂದ ಹೀಗೆಯೇ ಮಾರುತ ನೋಡಿಕೊಂಡು ಒಂದು ಕರಾವಳಿಯಿಂದ ಇನ್ನೊಂದಕ್ಕೆ ವಲಸೆ ಹೋಗಿ, ದಡದಲ್ಲಿ ಗುಡಿಸಲು ಹಾಕಿಕೊಂಡು ನಾಲ್ಕಾರು ತಿಂಗಳು ಇದ್ದು ಬರುತ್ತಿದ್ದರು. ಅಪ್ಪನೂ ಹೋಗುತ್ತಿದ್ದ ಎಂದ. ಅವನಿಗಾಗ ಬಲೆ, ಇವನಿಗೀಗ ಹಲಗೆ. ಇಷ್ಟನ್ನು ಹೇಳಿ, ಮುಂದಿನ ಗುಂಪು ಬಂತು ಎಂದು ಎದ್ದು ನೀರಿಗೆ ನಡೆದ.